ಆ ರಾತ್ರಿ ನನ್ನ ಸರದಿ ಹೇಳಿದವರು

ಇದನ್ನು ಓದಿ ನಗುವವರು ಧಾರಾಳವಾಗಿ ನಗಬಹುದು. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಗುತ್ತಿದ್ದೆ. ದೆವ್ವ ಕಂಡೆ ಎಂದವರಿಗೆ "ರಾತ್ರಿ ಊಟ ಸ್ವಲ್ಪ ಕಡಿಮೆ ಮಾಡಿ" ಎಂದು ಹೇಳುವ ಬಾಯಿ ನನ್ನದು. ಆದರೆ ಇದು ನಡೆದದ್ದು. ಒಬ್ಬಳೇ ಇದ್ದಾಗ ಆದದ್ದಲ್ಲ, ನಾವು ನಾಲ್ವರಿದ್ದೆವು. ನಾಲ್ವರೂ ಈಗಲೂ ಅದೇ ಮಾತು ಹೇಳುತ್ತೇವೆ.

ಗುಡ್ಡದ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಅದರ ಬುಡದಲ್ಲಿ ಬೈಕುಗಳ ಸಾಲು ನಿಲ್ಲುತ್ತದೆ. ಅಜೆಕಾರು ದಾಟಿ ಘಟ್ಟದ ಕಡೆಗೆ ಹೋದರೆ ಸಿಗುವ ಗುಡ್ಡಗಳಲ್ಲಿ ಒಂದು ಎಂದಿಟ್ಟುಕೊಳ್ಳಿ.

ನನ್ನ ಹೆಸರು ಐರಿನ್. ಊರು ಶಂಕರಪುರ. ಮನೆಯ ಸುತ್ತ ಮಲ್ಲಿಗೆ ಗಿಡಗಳು, ಬೆಳಿಗ್ಗೆ ಮೊಗ್ಗು ಕೊಯ್ದು ಕಟ್ಟಿ ಕಳಿಸುವುದೇ ನನ್ನ ಕೆಲಸ. ಮನೆಯಲ್ಲಿ ನಾನು, ನನ್ನ ಗಂಡ, ಗಂಡನ ಅಕ್ಕ ಜೂಲಿ ಬಾಯಿ. ಬಾಯಿ ಎಂದರೆ ನಮ್ಮ ಕೊಂಕಣಿಯಲ್ಲಿ ಅಕ್ಕ. ಜೂಲಿ ಬಾಯಿ ಮದುವೆಯಾದವರಲ್ಲ, ಮೊದಲಿನಿಂದಲೂ ನಮ್ಮ ಜೊತೆಯೇ ಇರುವವರು. ಈಗ ಪರವೂರಿನಲ್ಲಿರುವ ನನ್ನ ಇಬ್ಬರು ಮಕ್ಕಳನ್ನು ಎತ್ತಿ ಆಡಿಸಿದ್ದು ನನಗಿಂತ ಹೆಚ್ಚು ಅವರೇ.

ಅವರಿಗೆ ಎದೆಯ ಕ್ಯಾನ್ಸರ್ ಆಯಿತು. ಆಪರೇಷನ್, ಕೀಮೋ, ವಾಂತಿ, ಉಗುರು ಕಪ್ಪಾಗುವುದು... ಎಲ್ಲ ನೋಡಿದೆವು. ಕೊನೆಗೆ ಡಾಕ್ಟರು ಇನ್ನು ಆರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದಾಗ ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ. ಜೂಲಿ ಬಾಯಿ ಮಾತ್ರ ಶಾಂತವಾಗಿ ಬನ್ಸ್ ತಿನ್ನುತ್ತಿದ್ದರು.

ಮಣಿಪಾಲದಲ್ಲಿ ಹೀಗೆ ಚಿಕಿತ್ಸೆ ಮುಗಿಸಿದ ಹೆಂಗಸರದ್ದೊಂದು ಚಿಕ್ಕ ಕೂಟ ಉಂಟು. ತಿಂಗಳಿಗೊಮ್ಮೆ ಸೇರಿ ಸುಖ ದುಃಖ ಮಾತಾಡುತ್ತಾರೆ. ಅದನ್ನು ನಡೆಸುವವಳು ಸವಿತಾ, ಹಾವೇರಿ ಕಡೆಯವಳು, ಮನಸ್ಸಿಗೆ ಧೈರ್ಯ ಹೇಳುವುದನ್ನೇ ಓದಿ ಕಲಿತವಳು. ಗುಡ್ಡ ಹತ್ತುವ ಯೋಚನೆ ಅವಳದ್ದೇ. "ಶರೀರ ಬಿದ್ದು ಎದ್ದೈತ್ರಿ. ಈಗ ಮನಸ್ಸೂ ಎದ್ದು ನಿಲ್ಲಬೇಕು. ಅದನ್ನ ಕುರ್ಚಿ ಮ್ಯಾಲೆ ಕೂತು ಕಲಿಯಾಕ ಆಗೂದಿಲ್ಲ," ಎಂದಿದ್ದಳಂತೆ.

ನನಗೆ ಸಿಟ್ಟು ಬಂತು. "ಬಾಯಿ, ಚರ್ಚಿನ ಮೆಟ್ಟಿಲು ಹತ್ತಿದರೆ ನಿಮಗೆ ಏದುಸಿರು. ಇನ್ನು ಗುಡ್ಡ ಎಂತಕ್ಕೆ?"

"ಇಡೀ ವರ್ಷ ಮಂಚದಿಂದ ಮಾಡಿನ ಹಂಚನ್ನೇ ನೋಡಿದ್ದೇನೆ ಮಾರಾಯ್ತಿ," ಎಂದರು ಜೂಲಿ ಬಾಯಿ. "ಒಮ್ಮೆ ಮೇಲೆ ನಿಂತು ಕೆಳಗೆ ನೋಡ್ಬೇಕು ಅಂತ ಉಂಟು."

ಕಾವಲಿಗೆ ನಾನೂ ಹೊರಟೆ. ನಮ್ಮ ಪಕ್ಕದ ಮನೆಯ ಲಿಲ್ಲಿ ಮೊದಲೇ ಆ ಕೂಟದವಳು, ಅವಳಿಗೆ ಚಿಕಿತ್ಸೆ ಮುಗಿದು ಕೆಲವು ವರ್ಷ ಆಗಿತ್ತು. ದಪ್ಪ ಶರೀರ, ಅದಕ್ಕಿಂತ ದಪ್ಪ ನಗು.

ದೀಪಾವಳಿ ಕಳೆದು ಮಳೆ ಮುಗಿಯಿತು ಎಂದು ಎಲ್ಲರೂ ನಂಬಿದ್ದ ದಿನಗಳು. ಕೂಟದ ಏಳೆಂಟು ಹೆಂಗಸರು ಜೀಪಿನಲ್ಲಿ ಹೊರಟೆವು. ಗುಡ್ಡದ ಬುಡದಲ್ಲಿ ಗದ್ದೆ ಮಾಡಿಕೊಂಡಿರುವ ಸುಂದರಣ್ಣ ಎಂಬವರು ದಾರಿ ತೋರಿಸಲು ಬಂದರು. ಹೊರಡುವ ಮೊದಲು ಸವಿತಾ ಒಂದೇ ನಿಯಮ ಹೇಳಿದಳು. ಯಾರಿಗೆ ಸುಸ್ತಾಗುತ್ತದೋ ಅವರು ನಾಚಿಕೆ ಇಲ್ಲದೆ ತಮ್ಮ ಚೀಲ ಪಕ್ಕದವರಿಗೆ ಕೊಡಬೇಕು. "ಗಟ್ಟಿ ಇರೂದು ಅಂದ್ರ ಎಲ್ಲಾ ತಾನೇ ಹೊರೂದಲ್ರಿ. ಹೊರೆ ಕೊಡಾಕೂ ಧೈರ್ಯ ಬೇಕು."

ಬೆನ್ನಿಗೆ ಎರಡು ಫ್ಲಾಸ್ಕು, ಜೂಲಿ ಬಾಯಿಯ ಬಟ್ಟೆ, ಔಷಧ, ಕೊಡೆ ಎಲ್ಲ ಹೊತ್ತಿದ್ದ ನಾನು ಮನಸ್ಸಿನಲ್ಲೇ ನಕ್ಕೆ. ಅತ್ತೆಗೆ ಲಕ್ವ ಹೊಡೆದಾಗ, ಗಂಡ ಕುವೈತಿನಲ್ಲಿ ಕೆಲಸ ಕಳೆದುಕೊಂಡು ಬಂದಾಗ, ಆಮೇಲೆ ಈ ಕ್ಯಾನ್ಸರ್... ನನ್ನ ಚೀಲ ಯಾರು ಹೊತ್ತಿದ್ದರು? ಲಿಲ್ಲಿ ದಾರಿಯುದ್ದಕ್ಕೂ "ಕೊಡು ಇಲ್ಲಿ" ಎಂದು ಕೈ ಚಾಚಿದಳು. ನಾನು ಕೊಡಲಿಲ್ಲ.

ಮೇಲೆ ಮುಟ್ಟಿದೆವು. ಜೂಲಿ ಬಾಯಿ ಬಂಡೆಯ ಮೇಲೆ ಕೂತು ಪಶ್ಚಿಮದಲ್ಲಿ ಗೆರೆಯಾಗಿ ಹೊಳೆಯುತ್ತಿದ್ದ ಸಮುದ್ರವನ್ನು ನೋಡಿ, "ಕಾಪು ದೀಪಸ್ತಂಭ ಎಲ್ಲಿ ಉಂಟು, ತೋರಿಸು," ಎಂದು ಮಕ್ಕಳ ಹಾಗೆ ಕೇಳಿದರು. ತಲೆಗೆ ಕಟ್ಟಿದ್ದ ಬಟ್ಟೆ ತೆಗೆದು ಗಾಳಿಗೆ ತಲೆ ಒಡ್ಡಿದರು. ಹೊಸ ಕೂದಲು ಕೋಳಿಮರಿಯ ಪುಕ್ಕದಷ್ಟೇ ಇತ್ತು. ಅವರನ್ನು ಅಷ್ಟು ಸಂತೋಷದಲ್ಲಿ ನೋಡಿ ಬಹಳ ಕಾಲವಾಗಿತ್ತು. ಇಳಿಯೋಣ ಎಂದು ಹೇಳಲು ಯಾರಿಗೂ ಮನಸ್ಸು ಬರಲಿಲ್ಲ. ಅಲ್ಲೇ ತಡವಾಯಿತು.

ಮೋಡ ಹಿಂದಿನಿಂದ ಬಂತು. ಘಟ್ಟದ ಬದಿಯಿಂದ, ಸದ್ದಿಲ್ಲದೆ. ಸ್ವಲ್ಪ ಹೊತ್ತಿನಲ್ಲಿ ಎದುರಿಗಿದ್ದವರ ಮುಖ ಕಾಣದಾಯಿತು.

ಇಳಿಯುವಾಗ ಜೂಲಿ ಬಾಯಿಯ ಮೊಣಕಾಲು ಸೋತಿತು. ಎರಡು ಹೆಜ್ಜೆ ಇಟ್ಟು ಕೂರುತ್ತಿದ್ದರು. ಹನಿ ಬೀಳಲು ಶುರುವಾಗಿತ್ತು. ಅರ್ಧ ದಾರಿಯಲ್ಲಿ ಒಂದು ಕೋಣೆ ಸಿಕ್ಕಿತು. ಯಾವುದೋ ಕಾಲದಲ್ಲಿ ಟವರ್ ಕೆಲಸದವರು ಸಾಮಾನು ಇಡಲು ಕೆಂಪುಕಲ್ಲಿನಲ್ಲಿ ಕಟ್ಟಿ ಬಿಟ್ಟುಹೋದದ್ದು. ಮೇಲೆ ಶೀಟು, ಎದುರಿಗೆ ಕಬ್ಬಿಣದ ಬಾಗಿಲು. ಕಿಟಕಿ ಇಲ್ಲ, ಗೋಡೆಯ ಮೇಲ್ಗಡೆ ಕೈ ತೂರುವಷ್ಟು ಒಂದು ಗಾಳಿಕಂಡಿ ಅಷ್ಟೆ.

ಸುಂದರಣ್ಣ ಹೇಳಿದರು, "ಉಳಿದವರನ್ನು ನಾನು ಕೆಳಗೆ ಜೀಪಿಗೆ ಮುಟ್ಟಿಸ್ತೇನೆ. ಮತ್ತೆ ಇಬ್ಬರು ಗಂಡಸರನ್ನು ಕರ್ಕೊಂಡು ಬರ್ತೇನೆ, ಇವರನ್ನು ಹೊತ್ತುಕೊಂಡು ಇಳಿಸುವ. ಅಲ್ಲಿವರೆಗೆ ಹೊರಗೆ ಮಾತ್ರ ಹೋಗ್ಬೇಡಿ. ಈ ಮೋಡದಲ್ಲಿ ನನಗೇ ದಾರಿ ತಪ್ತದೆ."

ಜೂಲಿ ಬಾಯಿ, ನಾನು, ಲಿಲ್ಲಿ, ಸವಿತಾ. ನಾಲ್ವರು ಉಳಿದೆವು.

ಅವರು ಹೋದ ಮೇಲೆ ಮಳೆ ಹಿಡಿಯಿತು. ಮಳೆ ಎಂದರೆ ಶೀಟಿನ ಮೇಲೆ ಜಲ್ಲಿ ಸುರಿದ ಹಾಗೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಬಾಗಿಲಿನಿಂದ ಎರಚಲು ಒಳಗೆ ಬರುತ್ತಿತ್ತು. ಸವಿತಾ ಎದ್ದು ಬಾಗಿಲನ್ನು ಅರ್ಧ ಎಳೆಯುತ್ತಿದ್ದಂತೆ ಗಾಳಿಯ ಒಂದು ಹೊಡೆತ...

ಧಡ್!

ಕೋಣೆಯೆಲ್ಲ ನಡುಗಿತು. ಕತ್ತಲು ಕವಿಯಿತು.

"ಅಯ್ಯೋ, ಬಾಗಿಲು ಸಿಕ್ಕೊಂಡೈತ್ರಿ," ಎಂದಳು ಸವಿತಾ. ತುಕ್ಕು ಹಿಡಿದು ಬಾಗಿದ್ದ ಚೌಕಟ್ಟಿನೊಳಗೆ ಬಾಗಿಲು ಬಿರಡೆ ಹಾಕಿದ ಹಾಗೆ ಕೂತುಬಿಟ್ಟಿತ್ತು. ಒಳಬದಿಯಲ್ಲಿ ಹಿಡಿಯಲು ಹಿಡಿಕೆಯೂ ಇಲ್ಲ. ನಾನು, ಸವಿತಾ, ಲಿಲ್ಲಿ ಮೂವರೂ ಬೆರಳು ಸಿಕ್ಕಿಸಿ ಎಳೆದೆವು, ಒದ್ದೆವು, ಭುಜ ಕೊಟ್ಟೆವು. ಅಲುಗಲಿಲ್ಲ. ನನ್ನ ಉಗುರು ಕಿತ್ತು ರಕ್ತ ಬಂತು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಸವಿತಾಳ ಮೊಬೈಲಿನಲ್ಲಿ ಮಾತ್ರ ಸ್ವಲ್ಪ ಚಾರ್ಜ್ ಉಳಿದಿತ್ತು, ಅದನ್ನೂ ಉಳಿಸಬೇಕೆಂದು ಆರಿಸಿದಳು.

ಸುಂದರಣ್ಣ ಬರಲಿಲ್ಲ. ಕೆಳಗಿನ ತೋಡು ಉಕ್ಕಿ ದಾಟಲಾಗದೆ ಅವರು ಆಚೆ ದಡದಲ್ಲೇ ಉಳಿದದ್ದು ನಮಗೆ ಗೊತ್ತಾದದ್ದು ಮರುದಿನ. ಆಗ ನಮಗೆ ಗೊತ್ತಿದ್ದದ್ದು ಒಂದೇ, ಯಾರೂ ಬರುತ್ತಿಲ್ಲ.

ಮಳೆ ನಿಂತಿತು. ಅದು ಇನ್ನೂ ಕೆಟ್ಟದಾಯಿತು. ಕಿವಿಗೆ ಏನೂ ಇಲ್ಲ. ಶೀಟಿನ ಅಂಚಿನಿಂದ ಹನಿ ಬೀಳುವ ಸದ್ದು... ನಮ್ಮ ಉಸಿರು... ಒದ್ದೆ ಕಬ್ಬಿಣದ ವಾಸನೆ, ಬಾವಲಿ ಹಿಕ್ಕೆಯ ವಾಸನೆ. ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಕತ್ತಲು. ಗೋಡೆಗಳು ಹತ್ತಿರ ಬಂದಂತೆ ಅನಿಸುತ್ತಿತ್ತು.

ದಾರಿಯ ಹನಿಗೂ ಬಾಗಿಲಿನ ಎರಚಲಿಗೂ ಜೂಲಿ ಬಾಯಿ ಪೂರ್ತಿ ಒದ್ದೆಯಾಗಿದ್ದರು. ಚೀಲದಲ್ಲಿದ್ದ ಬಟ್ಟೆಯೂ ನೆನೆದಿತ್ತು. ಫ್ಲಾಸ್ಕಿನ ಚಾ ಆಗಲೇ ತಣ್ಣಗಾಗಿತ್ತು. ನನ್ನ ಸ್ವೆಟರ್ ಬಿಚ್ಚಿ ಸುತ್ತಿದೆ. ಅವರನ್ನು ಮೂಲೆಯಲ್ಲಿ ಗೋಡೆಗೆ ಒರಗಿಸಿ, ಬಲಗಡೆ ನಾನು, ಎಡಗಡೆ ಲಿಲ್ಲಿ ಅಂಟಿ ಕೂತೆವು. ಸವಿತಾ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಜೂಲಿ ಬಾಯಿ ಹಲ್ಲು ಕಟಕಟ ಎನ್ನುವಂತೆ ನಡುಗುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ನಡುಕ ನಿಂತಿತು.

"ದೇವರು ದೊಡ್ಡವನು. ಚಳಿ ಬಿಟ್ಟಿತು," ಎಂದಳು ಲಿಲ್ಲಿ.

ಸವಿತಾ ತೆವಳಿಕೊಂಡು ಬಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಅಕ್ಕಾ, ನಡುಗೂದು ನಿಂತದ್ದು ಚಲೋ ಅಲ್ರಿ. ಮೈ ಸೋತಾಗ ಹಂಗ ಆಗ್ತೈತಿ. ಮಲಗಾಕ ಬಿಡಬ್ಯಾಡ್ರಿ. ಏನರ ಮಾತಾಡಿಸ್ರಿ."

ಕ್ಯಾನ್ಸರಿನ ಬಾಯಿಯಿಂದ ಎಳೆದು ತಂದವರನ್ನು ಈ ಕಲ್ಲು ಕೋಣೆಯಲ್ಲಿ ಕಳೆದುಕೊಳ್ಳುವುದೇ? ಏನು ಮಾತಾಡಿಸಿದರೂ ಅವರು "ಹೂಂ" ಎಂದು ಸುಮ್ಮನಾಗುತ್ತಿದ್ದರು. ಆಗ ಲಿಲ್ಲಿ ಹೇಳಿದಳು, "ತೇರ್ಸ್ ಮಾಡುವ. ಅದಕ್ಕಾದರೆ ನಿದ್ದೆಯಲ್ಲೂ ಉತ್ತರ ಕೊಡ್ತಾರೆ ಬಾಯಿ."

ಗೊತ್ತಿಲ್ಲದವರಿಗೆ ಹೇಳಬೇಕು. ತೇರ್ಸ್ ಎಂದರೆ ನಮ್ಮ ಮನೆಗಳಲ್ಲಿ ಮುಸ್ಸಂಜೆಗೆ ಜಪಸರ ಹಿಡಿದು ಮಾಡುವ ಪ್ರಾರ್ಥನೆ. ಐದು ಭಾಗ. ಒಂದೊಂದು ಭಾಗವನ್ನು ಒಬ್ಬೊಬ್ಬರು ನಡೆಸಬೇಕು. ನಡೆಸುವವರು ಮೊದಲು ಈ ಭಾಗ ಯಾರಿಗಾಗಿ ಎಂದು ಹೇಳುತ್ತಾರೆ. ಆಮೇಲೆ 'ನಮಾನ್ ಮರಿಯೆ' ಎಂದು ಅರ್ಧ ಹೇಳಿದರೆ, ಉಳಿದವರೆಲ್ಲ 'ಭಾಗೆವಂತ್ ಮರಿಯೆ' ಎಂದು ಇನ್ನರ್ಧ ಹೇಳಿ ಮುಗಿಸುತ್ತಾರೆ. ಹಾಗೆ ಹತ್ತು ಸಲ. ಹುಟ್ಟಿದಾಗಿನಿಂದ ಕೇಳಿದ್ದು. ಮೊದಲರ್ಧ ಕಿವಿಗೆ ಬಿದ್ದರೆ ಸಾಕು, ಉಳಿದರ್ಧ ನಾಲಿಗೆಗೆ ತಾನಾಗಿ ಬರುತ್ತದೆ.

ಸವಿತಾಳಿಗೆ ಕೊಂಕಣಿ ಗೊತ್ತಿಲ್ಲ. ಅವಳು ಸುಮ್ಮನೆ ಕೇಳುತ್ತ ಕೂತಳು.

ಚಿಕ್ಕವಳೆಂದು ಲಿಲ್ಲಿ ಮೊದಲ ಭಾಗ ನಡೆಸಿದಳು. ದುಬೈಯಲ್ಲಿರುವ ಮಗನಿಗಾಗಿ ಎಂದಳು. ಎರಡನೆಯದು ನಾನು, ಜೂಲಿ ಬಾಯಿಗಾಗಿ. ಮೂರನೆಯದು ಜೂಲಿ ಬಾಯಿ. ತಡವರಿಸುತ್ತಾ, ಎಲ್ಲಿಗೆ ಮುಟ್ಟಿತು ಎಂದು ಮರೆಯುತ್ತಾ ಹೇಗೋ ಮುಗಿಸಿದರು. ನಾಲ್ಕನೆಯದು ಮತ್ತೆ ಲಿಲ್ಲಿಗೆ ಬಂತು. ಅದರ ಮಧ್ಯದಲ್ಲಿ ಜೂಲಿ ಬಾಯಿಯ ಉತ್ತರ ಸಣ್ಣದಾಗುತ್ತ ಬಂತು. ಬರೀ ತುಟಿಯ ಸದ್ದು... ಆಮೇಲೆ ಅದೂ ಇಲ್ಲ.

ನಾನು ಅವರ ಕೈ ಹಿಸುಕಿದೆ. ಮಂಜುಗಡ್ಡೆ. "ಬಾಯಿ... ಬಾಯಿ..." ಉತ್ತರವಿಲ್ಲ.

ನಾಲ್ಕನೆಯ ಭಾಗ ಮುಗಿಯಿತು. ಐದನೆಯದು ನನ್ನ ಸರದಿ.

ನನಗೆ ಬಾಯಿ ತೆರೆಯಲಾಗಲಿಲ್ಲ. ಮೊದಲ ಶಬ್ದ ಹೇಳಿದರೆ ಕಿರುಚಿಬಿಡುತ್ತೇನೆ ಎಂದು ಹೆದರಿಕೆ. ಕತ್ತಲಲ್ಲಿ ಎಲ್ಲರೂ ನನಗಾಗಿ ಕಾಯುತ್ತಿದ್ದಾರೆ. ನಾನು ತಲೆ ಅಲ್ಲಾಡಿಸಿದೆ, ಯಾರಿಗೆ ಕಾಣುತ್ತದೆ ಅದು? ನನ್ನಿಂದ ಆಗುವುದಿಲ್ಲ, ಯಾರಾದರೂ ಹೇಳಿ... ಮನಸ್ಸಿನಲ್ಲೇ ಬೇಡಿದೆ. ಜೀವನದಲ್ಲಿ ಮೊದಲ ಸಲ ಹೊರೆ ಕೆಳಗಿಟ್ಟೆ.

ಹನಿ ಬೀಳುವ ಸದ್ದು.

ಆಗ ಶುರುವಾಯಿತು.

ತಗ್ಗಿದ, ಸ್ವಲ್ಪ ಒಡೆದ, ರಾಗವಾಗಿ ಎಳೆಯುವ ಹೆಣ್ಣು ದನಿ. ಈ ಭಾಗ ಯಾರಿಗಾಗಿ ಎಂದು ಮೊದಲು ಕೊಂಕಣಿಯಲ್ಲಿ ಹೇಳಿತು. ಈ ಗುಡ್ಡದಿಂದ ಮನೆಗೆ ಹೋಗದವರಿಗಾಗಿ. ಆಮೇಲೆ, "ನಮಾನ್ ಮರಿಯೆ..."

ಸದ್ಯ, ಲಿಲ್ಲಿ ನನ್ನ ಸರದಿ ತೆಗೆದುಕೊಂಡಳು ಎಂದುಕೊಂಡೆ. ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಅಳು ಹೊರಗೇ ಬಂತು. ಅಷ್ಟರಲ್ಲಿ ಪಕ್ಕದಿಂದ ಕೇಳಿಸಿತು...

"ಭಾಗೆವಂತ್ ಮರಿಯೆ..."

ಜೂಲಿ ಬಾಯಿ! ಸ್ಪಷ್ಟವಾಗಿ. ಪೂರ್ತಿಯಾಗಿ. ಎರಡನೆಯದಕ್ಕೆ ಇನ್ನೂ ಗಟ್ಟಿಯಾಗಿ. ನಾನು ಅಳುತ್ತಾ ನಗುತ್ತಾ ದನಿ ಸೇರಿಸಿದೆ. ಆ ದನಿ ಅವಸರವಿಲ್ಲದೆ ಒಂದೊಂದೇ ಮಣಿ ದಾಟಿಸುತ್ತಾ ಹೋಯಿತು. ನನ್ನ ಕೈಯಲ್ಲಿದ್ದ ಜೂಲಿ ಬಾಯಿಯ ಕೈ ಮೆಲ್ಲನೆ ಬೆಚ್ಚಗಾಯಿತು. ಎಲ್ಲಿಂದಲೋ ಹೊಗೆ ಹಿಡಿದ ಬಟ್ಟೆಯ ವಾಸನೆ, ಕಟ್ಟಿಗೆ ಒಲೆಯ ಮುಂದೆ ಕೂತವರ ಸೀರೆಯದ್ದು. ನಮ್ಮೆಲ್ಲರ ಮನೆಯಲ್ಲೂ ಗ್ಯಾಸ್ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಕೊನೆಯ 'ಆಮೆನ್' ಆಯಿತು. ಯಾರೋ ಎದ್ದು, ಕಾಲೆಳೆದುಕೊಂಡು ಬಾಗಿಲ ಕಡೆಗೆ ಹೋದ ಸದ್ದು. ಸವಿತಾಳ ಹತ್ತಿರ ಏನೋ ಹೇಳಲು ಲಿಲ್ಲಿ ಹೋಗಿರಬೇಕು ಎಂದುಕೊಂಡೆ.

ಬೆಳಕು ಗಾಳಿಕಂಡಿಯಿಂದ ಬಂತು. ಜೂಲಿ ಬಾಯಿ ಕಣ್ಣು ಬಿಟ್ಟು, "ಫ್ಲಾಸ್ಕಲ್ಲಿ ಚಾ ಉಂಟಾ?" ಎಂದರು. ತಣ್ಣಗಿನ ಚಾ ಮುಚ್ಚಳದಲ್ಲಿ ಹಂಚಿಕೊಂಡು ಕುಡಿದೆವು. ಬದುಕಿದೆವು ಎಂಬ ಸಂತೋಷಕ್ಕೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಸವಿತಾ ಕೇಳಿದಳು, "ಕಡೀಕ ಪ್ರಾರ್ಥನೆ ಹೇಳಿದವರು ಯಾರ್ರಿ? ಹಾಡಿದಂಗ ಇತ್ತು. ನಿಮ್ಮ ಮೂವರ ದನಿ ನನಗ ಗೊತ್ತಾಗ್ತಿತ್ತು, ಅದೊಂದು ಗೊತ್ತಾಗಲಿಲ್ಲ."

"ಐರಿನ್ ಅಲ್ವಾ, ಅವಳ ಸರದಿ," ಎಂದಳು ಲಿಲ್ಲಿ. "ಮನೆಗೆ ಹೋಗದವರಿಗೆ ಅಂತೆ! ಅಂಥಾ ಹೊತ್ತಲ್ಲಿ ಎಂತ ಅಪಶಕುನ ಮಾತಾಡ್ತಾಳೆ ಅಂತ ನಾನು ಮನಸ್ಸಲ್ಲೇ ಬೈದೆ."

ಮುಚ್ಚಳ ನನ್ನ ಕೈಯಲ್ಲೇ ನಿಂತಿತು. "ನಾನು ಹೇಳ್ಲೇ ಇಲ್ಲ ಲಿಲ್ಲಿ. ನೀನಲ್ವಾ?"

"ನಾನು ಉತ್ತರ ಕೊಡ್ತಾ ಇದ್ದೆ!"

ಇಬ್ಬರೂ ಜೂಲಿ ಬಾಯಿಯನ್ನು ನೋಡಿದೆವು.

"ನಾನೂ ಉತ್ತರ ಕೊಟ್ಟದ್ದು," ಎಂದರು ಅವರು, ನಿಧಾನವಾಗಿ. "ಐರಿನ್, ನೀನು ನನ್ನನ್ನು ಹಿಂದಿನಿಂದ ತಬ್ಬಿಕೊಂಡು ಕೂತು ಕಿವಿಯ ಹತ್ತಿರವೇ ಹೇಳ್ತಾ ಇದ್ದಿ. ಬೆನ್ನು ಎಷ್ಟು ಬೆಚ್ಚಗಿತ್ತು..."

ಅವರ ಹಿಂದೆ ಕಲ್ಲಿನ ಗೋಡೆ. ನಾನು ಇಡೀ ರಾತ್ರಿ ಅವರ ಬಲಗಡೆಯಿಂದ ಅಲುಗಿರಲಿಲ್ಲ.

ಸವಿತಾ ಬಾಗಿಲ ಬಳಿಯಿಂದ ಸರಿದು ಬಂದಳು. "ಹಂಗಾದ್ರ... ಆಮ್ಯಾಲೆ ನನ್ನ ಮಗ್ಗಲಾಗ ಬಂದವರು? ಮೊಣಕಾಲಿಗೆ ಸೀರಿ ತಾಕಿತ್ರಿ."

ನಾವು ಯಾರೂ ಸೀರೆ ಉಟ್ಟಿರಲಿಲ್ಲ.

ಬಾಗಿಲು ಇನ್ನೂ ಹಾಗೆಯೇ ಸಿಕ್ಕಿಕೊಂಡಿತ್ತು. ಒಳಗೆ ಬರಲು, ಹೊರಗೆ ಹೋಗಲು ಬೇರೆ ದಾರಿ ಇಲ್ಲ. ಆ ಬೆಳಗಿನ ಹೊತ್ತು ನಾವು ನಾಲ್ವರೂ ಕೋಣೆಯ ನಡುವೆ, ಯಾವ ಗೋಡೆಗೂ ತಾಗದೆ, ಒಬ್ಬರನ್ನೊಬ್ಬರು ಹಿಡಿದು ನಿಂತೆವು. ರಾತ್ರಿ ಇಷ್ಟು ಹೆದರಿರಲಿಲ್ಲ.

ಸುಂದರಣ್ಣ ಇಬ್ಬರ ಜೊತೆ ಬಂದು ಹಾರೆ ಹಾಕಿ ಮೀಟಿದಾಗ ಬಾಗಿಲು ಕಿರುಚುತ್ತ ಬಿಟ್ಟುಕೊಟ್ಟಿತು. ಜೂಲಿ ಬಾಯಿ ಹೊತ್ತುಕೊಳ್ಳಲು ಬಿಡಲಿಲ್ಲ, ನಡೆದೇ ಇಳಿದರು. ಕಾರ್ಕಳದಲ್ಲಿ ತೋರಿಸಿದೆವು. ಡಾಕ್ಟರು ಸ್ವಲ್ಪ ಸುಸ್ತು, ಬೇರೇನೂ ಇಲ್ಲ ಎಂದರು.

ಇಳಿಯುವ ದಾರಿಯಲ್ಲಿ ನಾನು ಸುಂದರಣ್ಣನನ್ನು ಕೇಳಿದ್ದೆ, ಅಲ್ಲಿ ಯಾರಾದರೂ ಹೆಂಗಸು ಸತ್ತದ್ದು ಉಂಟಾ ಎಂದು.

"ನನ್ನ ಅಜ್ಜನ ಕಾಲದಿಂದ ನಾವು ಇಲ್ಲೇ ಇದ್ದೇವೆ ಅಮ್ಮ. ಅಂಥದ್ದು ಎಂತ ಕೂಡ ಇಲ್ಲ," ಎಂದರು ಅವರು. ಅವರ ಮೇಲೆ ನನಗೆ ಸಿಟ್ಟೇ ಬಂತು. ಒಂದು ಕತೆ ಹೇಳಿದ್ದರೆ ನನಗೆ ಹೆದರಲು ಒಂದು ಹೆಸರಾದರೂ ಸಿಗುತ್ತಿತ್ತು.

ಸವಿತಾ ಆಮೇಲೆ ಗುಡ್ಡದ ಮಾತು ಎತ್ತಿಲ್ಲ. ಲಿಲ್ಲಿ ಅದು ದೇವದೂತರು ಎನ್ನುತ್ತಾಳೆ, ಆದರೆ ಸಂಜೆಯ ಮೇಲೆ ಬಚ್ಚಲಿಗೂ ಒಬ್ಬಳೇ ಹೋಗುವುದಿಲ್ಲ. ಜೂಲಿ ಬಾಯಿಯ ಜೀವ ಉಳಿಸಿದ್ದು ಆ ದನಿಯೇ, ಅದರಲ್ಲಿ ನನಗೆ ಸಂಶಯವಿಲ್ಲ. ಹೊರೆ ಕೊಡಲು ಕಲಿತದ್ದೂ ಅಲ್ಲೇ. ಆದರೆ ಯಾರ ಕೈಗೆ ಕೊಟ್ಟೆ ಎಂದು ನೋಡಲಿಲ್ಲ. ಕೊಟ್ಟದ್ದನ್ನು ತಿರುಗಿ ಪಡೆದೆನೋ ಇಲ್ಲವೋ ಅದೂ ಗೊತ್ತಿಲ್ಲ.

ಮನೆಯ ತೇರ್ಸಿನಲ್ಲಿ ಈಗ ಐದನೆಯ ಭಾಗ ನನ್ನದೇ. ನಾಲ್ಕನೆಯದು ಮುಗಿದ ಕೂಡಲೇ, ಒಂದು ಉಸಿರಿನಷ್ಟೂ ಬಿಡುವು ಕೊಡದೆ ಶುರುಮಾಡುತ್ತೇನೆ. ನನ್ನ ಗಂಡ ಗೇಲಿ ಮಾಡುತ್ತಾರೆ, "ಬಸ್ಸು ತಪ್ತದಾ ನಿನಗೆ?" ಗುಡ್ಡದ ಕತೆಯನ್ನು ಅವರು ನಂಬಿಲ್ಲ. ಅದೆಲ್ಲ ಚಳಿಯ ಭ್ರಮೆ ಎನ್ನುತ್ತಾರೆ.

ಕಳೆದ ವಾರ ಕರೆಂಟು ಹೋಗಿತ್ತು. ಕತ್ತಲಲ್ಲೇ ತೇರ್ಸ್ ಮಾಡುತ್ತಿದ್ದೆವು. ನಾಲ್ಕನೆಯ ಭಾಗ ಮುಗಿಯುವಾಗ ನನಗೆ ಕೆಮ್ಮು ಬಂತು. ಬಿಡದ ಕೆಮ್ಮು. ಸೆರಗಿನಲ್ಲಿ ಬಾಯಿ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಜೂಲಿ ಬಾಯಿ ನನ್ನ ಮೊಣಕೈಯನ್ನು ನೋವಾಗುವಂತೆ ಹಿಡಿದರು. "ಹೇಳು ಐರಿನ್," ಎಂದು ಪಿಸುಗುಟ್ಟಿದರು. "ಬೇಗ ಹೇಳು... ಬೇಗ..."

ನನ್ನ ಬಾಯಿಂದ 'ನಮಾನ್ ಮರಿಯೆ' ಇನ್ನೂ ಹೊರಟಿರಲಿಲ್ಲ.

ಎದುರಿನ ಕುರ್ಚಿಯಲ್ಲಿ ಕೂತಿದ್ದ ನನ್ನ ಗಂಡ ಎಂದಿನಂತೆ, ನೆಮ್ಮದಿಯಿಂದ, ಉತ್ತರ ಕೊಡಲು ಶುರುಮಾಡಿದರು.

"ಭಾಗೆವಂತ್ ಮರಿಯೆ..."